ಹಗಲು ನಕ್ಷತ್ರ ಯಾಕೆ ಕಾಣಲ್ಲ? ಕಣ್ಣಿನ ಪರೀಕ್ಷೆಗೂ ಅದಕ್ಕೂ ಏನು ಸಂಬಂಧ?

ಗೆಳೆಯರೇ, ಹಗಲು ಹೊತ್ತು ನಕ್ಷತ್ರಗಳು ಎಲ್ಲಿಗೆ ಹೋಗುತ್ತವೆ? ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ ಇದ್ದು ಅಷ್ಟೇ ಬೆಳಕು ಕೊಡುತ್ತಿರುತ್ತವೆ. ಸುತ್ತಲಿನ ಆಕಾಶವೇ ಹೊಳೆಯುವುದರಿಂದ ನಮಗೆ ಕಾಣಲ್ಲ, ಅಷ್ಟೇ. ಅಂದರೆ ಚುಕ್ಕೆಯ ಬೆಳಕು ಎಷ್ಟಿದೆ ಎನ್ನುವುದಕ್ಕಿಂತ, ಹಿನ್ನೆಲೆಗಿಂತ ಎಷ್ಟು ಹೆಚ್ಚಿದೆ ಎನ್ನುವುದೇ ಮುಖ್ಯ. ಈ ವ್ಯತ್ಯಾಸ ಗುರುತಿಸುವ ಶಕ್ತಿಯನ್ನು ಕಣ್ಣಿನ ಡಾಕ್ಟರು 'ದೃಷ್ಟಿಕ್ಷೇತ್ರ ಪರೀಕ್ಷೆ'ಯಲ್ಲಿ ಅಳೆಯುತ್ತಾರೆ.

ಒಂದೇ ಕಡೆ ನೋಡುತ್ತಿರುವಾಗ ಸುತ್ತಮುತ್ತ ಕಾಣುವ ಜಾಗವೇ ದೃಷ್ಟಿಕ್ಷೇತ್ರ. ಗ್ಲುಕೋಮಾ ಎಂಬ ರೋಗದಲ್ಲಿ ಕಣ್ಣಿನ ನರ ಹಾಳಾಗುತ್ತದೆ. ಸಾಮಾನ್ಯವಾಗಿ ಪಕ್ಕದ ನೋಟ ಮೊದಲು ಹೋಗುತ್ತದೆ. ಹೆಚ್ಚಿನವರಿಗೆ ನೋವಿರಲ್ಲ, ಎದುರಿಗಿರುವುದು ಚೆನ್ನಾಗೇ ಕಾಣುತ್ತೆ. ಅದಕ್ಕೇ ಬೇಗ ಗೊತ್ತಾಗಲ್ಲ. ಹೋದ ನೋಟ ಮರಳಿ ಬರುವುದಿಲ್ಲ. ನಮ್ಮ ತಾತನಿಗೆ ಈ ರೋಗ ಇರುವುದರಿಂದ ನಾನು ಈ ಪರೀಕ್ಷೆ ನೋಡಿದ್ದೇನೆ.

ಒಂದು ಕಣ್ಣು ಮುಚ್ಚಿಕೊಂಡು ದೊಡ್ಡ ಬಿಳಿ ಬೋಗುಣಿಯಂಥ ಯಂತ್ರದೊಳಗೆ ನೋಡಬೇಕು. ನಡುವಿನ ಗುರುತಿನಿಂದ ಕಣ್ಣು ಕದಲಿಸಬಾರದು. ಅಲ್ಲೊಂದು ಇಲ್ಲೊಂದು ಚುಕ್ಕೆ ಸೆಕೆಂಡಿಗಿಂತ ಕಡಿಮೆ ಹೊತ್ತು ಮಿನುಗುತ್ತದೆ. ಕಂಡರೆ ಗುಂಡಿ ಒತ್ತಬೇಕು. ಹೀಗೆ ಪ್ರತಿ ಜಾಗದಲ್ಲೂ ಎಷ್ಟು ಮಸುಕಾದ ಚುಕ್ಕೆಯವರೆಗೆ ಕಾಣುತ್ತದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ.

ಬೋಗುಣಿಯ ಹಿನ್ನೆಲೆ ಬೆಳಕು ಮಾತ್ರ ಬದಲಾಗುವಂತಿಲ್ಲ. ಸ್ವಿಟ್ಜರ್ಲೆಂಡಿನ ಹಾನ್ಸ್ ಗೋಲ್ಡ್‌ಮನ್ 1945ರಲ್ಲಿ ಪರಿಚಯಿಸಿದ ಯಂತ್ರದಲ್ಲಿ ಅದು 31.5 ಅಪೋಸ್ಟಿಲ್ಬ್. ಈಗಿನ ಹಂಫ್ರಿ ಯಂತ್ರದಲ್ಲೂ ಅಷ್ಟೇ. ಯಾಕೆ?

ಕೈಯಲ್ಲಿ ಒಂದು ಪುಸ್ತಕ ಇದ್ದಾಗ ಇನ್ನೊಂದು ಇಟ್ಟರೆ ತಕ್ಷಣ ಗೊತ್ತಾಗುತ್ತೆ. ತಲೆ ಮೇಲೆ ರಾಗಿ ಮೂಟೆ ಇದ್ದಾಗ ಅದೇ ಪುಸ್ತಕ ಇಟ್ಟರೆ ಗೊತ್ತೇ ಆಗಲ್ಲ. ಇದು ಜರ್ಮನಿಯ ಅರ್ನ್ಸ್ಟ್ ವೆಬರ್ ಕಂಡುಹಿಡಿದ ನಿಯಮ. ಸಾಕಷ್ಟು ಬೆಳಕಿದ್ದಾಗ ಕಣ್ಣಿಗೂ ಹೀಗೇ. ಹಿನ್ನೆಲೆ 2 ಪಟ್ಟಾದರೆ ಚುಕ್ಕೆಯೂ ಸುಮಾರು 2 ಪಟ್ಟಾಗಬೇಕು. ಇದರಿಂದ ಒಂದು ಲಾಭ ಇದೆ. ವಯಸ್ಸಾದವರ ಕಣ್ಣಿನ ಪಾಪೆ ಚಿಕ್ಕದಾಗಿ ಅರ್ಧ ಬೆಳಕೇ ಒಳಗೆ ಹೋಯಿತು ಅನ್ನಿ. ಚುಕ್ಕೆಯದೂ ಅರ್ಧ, ಹಿನ್ನೆಲೆಯದೂ ಅರ್ಧ. ಲೆಕ್ಕ ಸರಿಹೋಯಿತು!

ಆದರೆ ಹಿನ್ನೆಲೆ ತುಂಬಾ ಮಸುಕಾದರೆ ಈ ನಿಯಮ ನಡೆಯಲ್ಲ. ಆಗ ಹಿನ್ನೆಲೆ 100 ಪಟ್ಟು ಕಡಿಮೆಯಾದರೂ ಚುಕ್ಕೆಯನ್ನು ಸುಮಾರು 10 ಪಟ್ಟು ಮಾತ್ರ ಕಡಿಮೆ ಮಾಡಬಹುದು. 31.5 ಎನ್ನುವುದು ವೆಬರ್ ನಿಯಮ ನಡೆಯುವ ಬೆಳಕಿನ ಕೆಳಗಿನ ಅಂಚಿನ ಹತ್ತಿರ ಇದೆ. ಆದ್ದರಿಂದ ಪಾಪೆ ತೀರಾ ಚಿಕ್ಕದಾದರೆ ಫಲಿತಾಂಶ ಕೆಡುತ್ತದೆ. ಅದಕ್ಕೇ ಪಾಪೆಯ ಅಳತೆಯನ್ನೂ ಬರೆದಿಡುತ್ತಾರೆ.

ಪರೀಕ್ಷೆಗೆ ಮುಂಚೆ ಕೋಣೆಯ ದೀಪ ಆರಿಸುವುದೂ ಇದಕ್ಕೇ. ಕಿಟಕಿ ಬೆಳಕು ಬೋಗುಣಿಗೆ ಬಿದ್ದರೆ ಮಸುಕು ಚುಕ್ಕೆಗಳು ಹಗಲು ನಕ್ಷತ್ರದಂತೆ ಮುಚ್ಚಿಹೋಗುತ್ತವೆ. ಬಿಸಿಲಿಂದ ಬಂದವರು ಸ್ವಲ್ಪ ಹೊತ್ತು ಕೂತು ಕಣ್ಣು ಹೊಂದಿಸಿಕೊಳ್ಳಬೇಕು.

ಈ ವರ್ಷದ ಕಾಗದವನ್ನು ಹೋದ ವರ್ಷದ್ದರ ಜೊತೆ ಇಟ್ಟು ನೋಡಿಯೇ ಡಾಕ್ಟರು ಔಷಧಿ ಬದಲಿಸಬೇಕೋ ಬೇಡವೋ ತೀರ್ಮಾನಿಸುತ್ತಾರೆ. ಬೆಳಕೇ ಬೇರೆಯಾಗಿದ್ದರೆ, ಹೆಚ್ಚಾಗಿದ್ದು ರೋಗವೋ ಅಲ್ಲವೋ ತಿಳಿಯುವುದು ಹೇಗೆ?

ಗ್ಲುಕೋಮಾ ಮನೆಯಲ್ಲಿ ಒಬ್ಬರಿಗಿದ್ದರೆ ರಕ್ತಸಂಬಂಧಿಗಳಿಗೂ ಬರುವ ಸಾಧ್ಯತೆ ಹೆಚ್ಚು. ಬೇಗ ಗೊತ್ತಾದರೆ ಹನಿ ಔಷಧಿಯಿಂದ ಉಳಿದ ನೋಟ ಕಾಪಾಡಬಹುದು. ಆದ್ದರಿಂದ ನಮ್ಮ ಅಪ್ಪನೂ ತೋರಿಸಿಕೊಳ್ಳಬೇಕಂತೆ. 'ನಂಗೆ ಎಲ್ಲಾ ಚೆನ್ನಾಗೇ ಕಾಣುತ್ತೆ' ಅನ್ನುತ್ತಾರೆ. ನಿಮ್ಮ ಮನೆಯಲ್ಲೂ 40 ದಾಟಿದವರು ಹಾಗೇ ಅಂದರೆ, ದಯವಿಟ್ಟು ಇದನ್ನು ಓದಿ ಹೇಳಿ.

– 7ನೇ ತರಗತಿ