‘ಆಯಾರಾಮ್ ಗಯಾರಾಮ್’: ಒಂದು ನುಡಿಗಟ್ಟಿನ ಹಿಂದಿನ ಶಾಸಕ

ಪಕ್ಷಾಂತರದ ಪ್ರಸ್ತಾಪ ಬಂದಾಗಲೆಲ್ಲ ‘ಆಯಾರಾಮ್ ಗಯಾರಾಮ್’ ಎಂಬ ಹಿಂದಿ ನುಡಿಗಟ್ಟು ಕೇಳಿಬರುವುದು ವಾಡಿಕೆ. ‘ಬಂದ ರಾಮ, ಹೋದ ರಾಮ’ ಎಂಬುದು ಅದರ ಶಬ್ದಾರ್ಥ. ಈ ಹಾಸ್ಯೋಕ್ತಿಗೆ ಕಾರಣರಾದವರು ಹರಿಯಾಣದ ಶಾಸಕ ಗಯಾಲಾಲರು. ಅವರ ರಾಜಕೀಯ ಜೀವನವನ್ನು ಅದರ ಸನ್ನಿವೇಶದಲ್ಲಿಟ್ಟು ಪರಿಶೀಲಿಸಿದರೆ, ಈ ನುಡಿಗಟ್ಟು ಒಬ್ಬ ವ್ಯಕ್ತಿಯ ಚಾಂಚಲ್ಯವನ್ನು ಎತ್ತಿ ತೋರಿಸುವ ಭರದಲ್ಲಿ ಗುಂಪಿನ ಪಕ್ಷಾಂತರವನ್ನು ಮರೆಮಾಡಿತೆಂಬುದೂ, ಮುಂದೆ ಬಂದ ಶಾಸನದಲ್ಲಿಯೂ ಅದೇ ದೃಷ್ಟಿದೋಷ ಬಹುಕಾಲ ಉಳಿಯಿತೆಂಬುದೂ ವ್ಯಕ್ತವಾಗುತ್ತದೆ. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹರಿಯಾಣ ರಾಜ್ಯವು ೧೯೬೬ರ ನವೆಂಬರ್ ೧ರಂದು ಅಸ್ತಿತ್ವಕ್ಕೆ ಬಂದಿತು. ೧೯೬೭ರ ಚುನಾವಣೆಯಲ್ಲಿ ವಿಧಾನಸಭೆಯ ೮೧ ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ ೪೮ ದೊರೆತವು. ೧೬ ಮಂದಿ ಪಕ್ಷೇತರರು ಗೆದ್ದರು. ಹಸನ್‌ಪುರ ಕ್ಷೇತ್ರದಿಂದ ಆಯ್ಕೆಯಾದ ಗಯಾಲಾಲರು ಈ ಪಕ್ಷೇತರರಲ್ಲಿ ಒಬ್ಬರು. ಮಾರ್ಚ್ ೧೦ರಂದು ಭಗವತ್ ದಯಾಳ್ ಶರ್ಮರ ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರ ಸ್ವೀಕರಿಸಿತು. ಅದಕ್ಕೆ ಸಭೆಯಲ್ಲಿ ಸ್ಪಷ್ಟ ಬಹುಮತವಿದ್ದಿತು. ಆದರೂ ಎರಡು ವಾರಗಳೊಳಗೆ ಅದು ಉರುಳಿತು. ಸಭಾಧ್ಯಕ್ಷರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿಯನ್ನು ಸೋಲಿಸಿ, ಅದೇ ಪಕ್ಷದ ಅತೃಪ್ತ ನಾಯಕ ರಾವ್ ಬೀರೇಂದ್ರ ಸಿಂಗರು ಗೆದ್ದರು. ೧೨ ಮಂದಿ ಕಾಂಗ್ರೆಸ್ ಶಾಸಕರು ಪಕ್ಷವನ್ನು ತೊರೆದರು. ಮಾರ್ಚ್ ೨೪ರಂದು ಬೀರೇಂದ್ರ ಸಿಂಗರೇ ಸಂಯುಕ್ತ ರಂಗದ ಮುಖ್ಯಮಂತ್ರಿಗಳಾದರು.

ಗಯಾಲಾಲರ ಓಡಾಟವು ಈ ಅಸ್ಥಿರ ಸನ್ನಿವೇಶದ ಫಲ. ಮೊದಲು ಕಾಂಗ್ರೆಸ್ಸನ್ನು ಸೇರಿದ್ದ ಅವರು ಸಂಯುಕ್ತ ರಂಗಕ್ಕೆ ಹೋದರು, ಕಾಂಗ್ರೆಸ್ಸಿಗೆ ಮರಳಿದರು, ಒಂಬತ್ತು ಗಂಟೆಗಳೊಳಗೆ ಪುನಃ ಸಂಯುಕ್ತ ರಂಗವನ್ನು ಸೇರಿದರು. ಹದಿನೈದು ದಿನಗಳಲ್ಲಿ ಮೂರು ಬಾರಿ ಪಕ್ಷ ಬದಲಾಯಿತು. ಹಿಂದಿಯಲ್ಲಿ ‘ಗಯಾ’ ಎಂದರೆ ‘ಹೋದನು’ ಎಂಬ ಅರ್ಥವೂ ಇರುವುದರಿಂದ ಅವರ ಹೆಸರೇ ಶ್ಲೇಷೆಗೆ ಎಡೆಗೊಟ್ಟಿತು. ಪರಿಶಿಷ್ಟ ಜಾತಿಗೆ ಸೇರಿದ ಈ ಶಾಸಕರ ಹೆಸರು ದೇಶದಾದ್ಯಂತ ಗಾದೆಯಾಯಿತು. ರೇವಾಡಿಯ ಪ್ರತಿಷ್ಠಿತ ಮನೆತನದ ಬೀರೇಂದ್ರ ಸಿಂಗರಾದರೋ ಕಾಂಗ್ರೆಸ್ಸನ್ನು ತೊರೆದು ಮುಖ್ಯಮಂತ್ರಿಗಳಾಗಿ, ಮುಂದೆ ಅದೇ ಕಾಂಗ್ರೆಸ್ಸಿಗೆ ಮರಳಿ ಕೇಂದ್ರ ಸಚಿವರೂ ಆದರು. ಅವರ ಹೆಸರಿನಿಂದ ಯಾವ ಗಾದೆಯೂ ಹುಟ್ಟಲಿಲ್ಲ. ೧೯೬೭ರ ನವೆಂಬರಿನಲ್ಲಿ ವಿಧಾನಸಭೆ ವಿಸರ್ಜನೆಗೊಂಡು ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದಿತು.

ಈ ವ್ಯಾಧಿ ಹರಿಯಾಣಕ್ಕೆ ಸೀಮಿತವಾಗಿರಲಿಲ್ಲ. ಕೇಂದ್ರ ಗೃಹಸಚಿವ ಯಶವಂತರಾವ್ ಚವಾಣರ ಅಧ್ಯಕ್ಷತೆಯ ಸಮಿತಿಯು ಕಲೆಹಾಕಿದ ಅಂಕಿಗಳು ಇಲ್ಲಿ ಗಮನಾರ್ಹವಾಗಿವೆ. ೧೯೬೭ರ ಮಾರ್ಚಿನಿಂದ ೧೯೬೮ರ ಫೆಬ್ರವರಿಯವರೆಗಿನ ಒಂದೇ ವರ್ಷದಲ್ಲಿ ೪೩೮ ಪಕ್ಷಾಂತರಗಳು ನಡೆದವು. ಆಯ್ಕೆಯಾದ ೩೭೬ ಪಕ್ಷೇತರರಲ್ಲಿ ೧೫೭ ಮಂದಿ ಒಂದಿಲ್ಲೊಂದು ಪಕ್ಷವನ್ನು ಸೇರಿದರು. ಹಲವು ರಾಜ್ಯಗಳ ೨೧೦ ಪಕ್ಷಾಂತರಿ ಶಾಸಕರ ಪೈಕಿ ೧೧೬ ಮಂದಿ, ತಮ್ಮ ನೆರವಿನಿಂದಲೇ ರಚನೆಯಾದ ಮಂತ್ರಿಮಂಡಲಗಳಲ್ಲಿ ಸ್ಥಾನ ಪಡೆದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಮಂತ್ರಿಪದವಿಯೇ ಪ್ರತಿಫಲವಾಗಿರುವಾಗ, ರೋಗದ ಮೂಲವನ್ನು ಶಾಸಕನ ಸ್ವಭಾವದಲ್ಲಿ ಮಾತ್ರ ಹುಡುಕುವುದು ಯುಕ್ತವಲ್ಲ.

೧೯೮೫ರಲ್ಲಿ ಸಂವಿಧಾನದ ೫೨ನೆಯ ತಿದ್ದುಪಡಿಯಿಂದ ಹತ್ತನೆಯ ಅನುಸೂಚಿ ಸೇರ್ಪಡೆಯಾಯಿತು. ಅದನ್ನು ೧೯೬೭ರ ಪ್ರಸಂಗಕ್ಕೆ ಅನ್ವಯಿಸಿ ನೋಡೋಣ. ಪಕ್ಷೇತರನಾಗಿ ಗೆದ್ದವನು ಯಾವುದೇ ಪಕ್ಷವನ್ನು ಸೇರಿದೊಡನೆ ಅನರ್ಹತೆಗೆ ಗುರಿಯಾಗುತ್ತಾನೆ. ಆದುದರಿಂದ ಗಯಾಲಾಲರ ಮೊದಲ ಹೆಜ್ಜೆಯೇ ಅವರ ಸ್ಥಾನಕ್ಕೆ ಮುಳುವಾಗುತ್ತಿತ್ತು. ಕಾಂಗ್ರೆಸ್ಸನ್ನು ತೊರೆದ ಹನ್ನೆರಡು ಮಂದಿಯ ವಿಷಯವೇನು? ಪಕ್ಷದ ಶಾಸಕರಲ್ಲಿ ಮೂರನೆಯ ಒಂದು ಭಾಗದವರು ಒಟ್ಟಾಗಿ ಹೊರಬಂದರೆ ಅದನ್ನು ‘ವಿಭಜನೆ’ ಎಂದು ಆ ಶಾಸನವು ಮನ್ನಿಸುತ್ತಿತ್ತು. ೪೮ರಲ್ಲಿ ಮೂರನೆಯ ಒಂದು ಭಾಗವೆಂದರೆ ೧೬. ಇನ್ನು ನಾಲ್ವರು ಜೊತೆಗೂಡಿದ್ದರೆ ಅಪರಾಧವೇ ನ್ಯಾಯಸಮ್ಮತವಾಗುತ್ತಿತ್ತು! ೧೯೮೦ರಲ್ಲಿ ಅದೇ ಹರಿಯಾಣದ ಮುಖ್ಯಮಂತ್ರಿ ಭಜನ್‌ಲಾಲರು ತಮ್ಮ ಬಳಗದೊಡನೆ ಜನತಾ ಪಕ್ಷದಿಂದ ಕಾಂಗ್ರೆಸ್ಸಿಗೆ ಬಂದುದನ್ನು ಕಂಡ ಮೇಲೂ ಈ ರಿಯಾಯಿತಿ ಶಾಸನದಲ್ಲಿ ಸೇರಿತೆಂಬುದು ವಿಚಾರಾರ್ಹ. ೨೦೦೩ರ ೯೧ನೆಯ ತಿದ್ದುಪಡಿಯು ವಿಭಜನೆಯ ಅವಕಾಶವನ್ನು ತೆಗೆದುಹಾಕಿ, ಅನರ್ಹಗೊಂಡವರು ಮಂತ್ರಿಗಳಾಗುವುದನ್ನು ನಿರ್ಬಂಧಿಸಿತು. ಮೂರನೆಯ ಎರಡು ಭಾಗದವರ ಸಮ್ಮತಿಯಿಂದ ನಡೆಯುವ ವಿಲೀನಕ್ಕೆ ಮಾತ್ರ ರಕ್ಷಣೆ ಉಳಿಯಿತು.

ಶಾಸನವು ಒಂದು ದಾರಿಯನ್ನು ಮುಚ್ಚಿದರೆ ರಾಜಕೀಯವು ಮತ್ತೊಂದನ್ನು ಕಂಡುಕೊಳ್ಳುತ್ತದೆ. ಕರ್ನಾಟಕದಲ್ಲಿ ೨೦೧೯ರಲ್ಲಿ ಶಾಸಕರು ಹಿಡಿದ ದಾರಿ ರಾಜೀನಾಮೆಯದು. ಸಭಾಧ್ಯಕ್ಷರು ೧೭ ಮಂದಿಯನ್ನು ಅನರ್ಹಗೊಳಿಸಿದರು. ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿಯಿತಾದರೂ, ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸಬಾರದೆಂಬ ಭಾಗವನ್ನು ತಳ್ಳಿಹಾಕಿತು. ಉಪಚುನಾವಣೆಯಲ್ಲಿ ಅವರಲ್ಲಿ ಅನೇಕರು ಹೊಸ ಪಕ್ಷದಿಂದ ಪುನಃ ಗೆದ್ದುಬಂದರು.

ಗಯಾಲಾಲರ ಜೀವನದ ಉತ್ತರಾರ್ಧವೂ ಇದೇ ಪ್ರಶ್ನೆಯನ್ನು ಮುಂದಿಡುತ್ತದೆ. ಆರ್ಯ ಸಭಾ, ಭಾರತೀಯ ಲೋಕದಳಗಳನ್ನು ಹಾದು ಬಂದ ಅವರನ್ನು ೧೯೭೭ರಲ್ಲಿ ಹಸನ್‌ಪುರದ ಮತದಾರರು ಜನತಾ ಪಕ್ಷದ ಅಭ್ಯರ್ಥಿಯಾಗಿ ಮತ್ತೆ ಆರಿಸಿದರು. ದೇಶ ನಕ್ಕ ಶಾಸಕನನ್ನು ಅವನ ಕ್ಷೇತ್ರ ಕೈಬಿಡಲಿಲ್ಲ. ಮತದಾರನು ಮತ ನೀಡುವುದು ಪಕ್ಷಕ್ಕೋ ವ್ಯಕ್ತಿಗೋ ಎಂಬುದಕ್ಕೆ ಹತ್ತನೆಯ ಅನುಸೂಚಿಯು ಪಕ್ಷಕ್ಕೆಂದೇ ಉತ್ತರಿಸುತ್ತದೆ. ಹಸನ್‌ಪುರದ ಉತ್ತರ ಅಷ್ಟು ಸರಳವಾಗಿಲ್ಲ. ಆದಕಾರಣ ತರಗತಿಯಲ್ಲಿ ಈ ನುಡಿಗಟ್ಟನ್ನು ಉದಾಹರಿಸುವ ಅಧ್ಯಾಪಕರು, ಹೋದ ರಾಮನೊಡನೆ ಅವನನ್ನು ಕರೆದವರನ್ನೂ, ಪದವಿಯನ್ನು ಕೊಟ್ಟವರನ್ನೂ ನೆನೆಯುವುದು ಉಚಿತ.