ಮರಗೆತ್ತನೆಯ ಯಂತ್ರ: ದುರಸ್ತಿ, ವಾರಂಟಿ ಮತ್ತು ನಮ್ಮ ಆರೋಗ್ಯ

ನಿವೃತ್ತ ಜೀವನದಲ್ಲಿ ಮನಸ್ಸಿಗೆ ಉಲ್ಲಾಸವನ್ನೂ ಕೈಗಳಿಗೆ ಕೆಲಸವನ್ನೂ ಒದಗಿಸುವ ಹವ್ಯಾಸಗಳಲ್ಲಿ ಮರಗೆತ್ತನೆಯೂ ಒಂದು. ಕನ್ನಡಿಗರಿಗೆ ಇದು ಹೊಸ ವಿದ್ಯೆಯೇನಲ್ಲ. ಸಾಗರ, ಸೊರಬ, ಶಿರಸಿ, ಹೊನ್ನಾವರಗಳ ಕಡೆಯ ಗುಡಿಗಾರರ ಶ್ರೀಗಂಧದ ಕೆತ್ತನೆ ನಾಡಿನಾಚೆಗೂ ಹೆಸರಾದುದು. ಕೊಪ್ಪಳದ ಸಮೀಪದ ಕಿನ್ನಾಳದ ಮರದ ಗೊಂಬೆಗಳ ಊರಿಗೂ ಹೈದರಾಬಾದಿಗೂ ಹಳೆಯ ನಂಟಿದೆ. 1956ರವರೆಗೆ ಆ ಸೀಮೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಅದಕ್ಕೂ ಮೊದಲು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಅದೇ ಮನೆತನದ ಸಂಗ್ರಹದಿಂದ ರೂಪುಗೊಂಡ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ, ಒಂದೇ ದಿಮ್ಮಿಯ ಮುಂಬದಿಯಲ್ಲಿ ಮೆಫಿಸ್ಟೋಫೆಲಿಸನನ್ನೂ ಹಿಂಬದಿಯಲ್ಲಿ ಮಾರ್ಗರೆಟಳನ್ನೂ ಕಡೆದಿರುವ ಫ್ರೆಂಚ್ ಶಿಲ್ಪದ ಮುಂದೆ ನಿಂತು, ಕನ್ನಡಿಯಲ್ಲಿ ಅವಳ ಪ್ರತಿಬಿಂಬವನ್ನು ನೋಡಿ ಬೆರಗಾದವರು ನಮ್ಮಲ್ಲಿ ಅನೇಕರು.

ಆ ಕಾಲದ ಕುಶಲಕರ್ಮಿಗೆ ಉಳಿ ಮತ್ತು ಕೊಡತಿಗಳೇ ಸಾಧನಗಳು. ಉಳಿ ಮೊಂಡಾದರೆ ಸಾಣೆಕಲ್ಲು ಇತ್ತು. ಇಂದಿನ ಹವ್ಯಾಸಿಯ ಕೈಯಲ್ಲಿರುವುದು ವಿದ್ಯುತ್ ಯಂತ್ರ. ಅದು ಕೆಟ್ಟರೆ ಅಂಗಡಿ, ಬಿಲ್ಲು, ಷರತ್ತು, ಕಾನೂನು ಎಲ್ಲವೂ ಎದುರಾಗುತ್ತವೆ. ಹಣದ ನಷ್ಟ ಒಂದು ಕಡೆಗಾದರೆ, ಅರೆಬರೆ ದುರಸ್ತಿಯಾದ ಯಂತ್ರವನ್ನು ಬಳಸುವುದರಿಂದ ಕೈ, ಕಿವಿ, ಶ್ವಾಸಕೋಶಗಳಿಗೆ ಆಗುವ ಹಾನಿ ಇನ್ನೊಂದು ಕಡೆಗೆ. ಆದ್ದರಿಂದ ವಾರಂಟಿಯ ಪತ್ರವನ್ನು ಕೇವಲ ಹಣದ ಕಾಗದವೆಂದು ತಿಳಿಯದೆ, ಆರೋಗ್ಯದ ಕಾಗದವೆಂದೂ ತಿಳಿಯಬೇಕೆಂಬುದೇ ಈ ಲೇಖನದ ಆಶಯ.

ಯಂತ್ರದ ಬಗೆಗಳು

ಮನೆಯಲ್ಲಿ ಬಳಸುವ ಕೆತ್ತನೆ ಯಂತ್ರಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು, ಕೈಯಲ್ಲಿ ಹಿಡಿದು ಕೆತ್ತುವ ತಿರುಗುಯಂತ್ರ. ಇದರ ಮೋಟಾರು ನಿಮಿಷಕ್ಕೆ ಸುಮಾರು 10,000ದಿಂದ 30,000 ಸುತ್ತುಗಳವರೆಗೂ ತಿರುಗುವುದುಂಟು. ಕೆಲವದರಲ್ಲಿ ಮೋಟಾರನ್ನು ಗೂಟಕ್ಕೆ ತೂಗುಹಾಕಿ, ಬಾಗುವ ಶಾಫ್ಟಿನ ಮೂಲಕ ಹಿಡಿಕೆಗೆ ಚಲನೆಯನ್ನು ಸಾಗಿಸುತ್ತಾರೆ. ಎರಡನೆಯದು, ಗಣಕಯಂತ್ರದ ಆಜ್ಞೆಯಂತೆ ತಾನೇ ಕೆತ್ತುವ ಪುಟ್ಟ ಸಿ.ಎನ್.ಸಿ. ಯಂತ್ರ. ಇದು ಹೆಚ್ಚಾಗಿ ಬಿಡಿಭಾಗಗಳ ರೂಪದಲ್ಲಿಯೇ ಮನೆಗೆ ಬರುತ್ತದೆ. ಜೋಡಿಸಿಕೊಳ್ಳುವ ಹೊಣೆ ಕೊಂಡವರದು.

ಮೊದಲ ಬಗೆಯ ಯಂತ್ರದಲ್ಲಿ ಸಾಮಾನ್ಯವಾಗಿ ಸವೆಯುವ ಭಾಗಗಳು ಕಾರ್ಬನ್ ಬ್ರಷ್, ಬೇರಿಂಗು, ಬಿಟ್ಟನ್ನು ಬಿಗಿಹಿಡಿಯುವ ಕಾಲೆಟ್ಟು ಮತ್ತು ವಿದ್ಯುತ್ ತಂತಿ. ಕಾರ್ಬನ್ ಬ್ರಷ್ಷನ್ನು 40-50 ಗಂಟೆಗಳ ಬಳಕೆಯಾದ ಮೇಲೆ ಪರೀಕ್ಷಿಸಬೇಕೆಂದು ಕೆಲವು ತಯಾರಕರ ಕೈಪಿಡಿಗಳು ಹೇಳುತ್ತವೆ. ಎರಡನೆಯ ಬಗೆಯಲ್ಲಿ ಸಡಿಲವಾದ ತಿರುಪುಗಳು, ಮರದ ಹುಡಿ ತುಂಬಿದ ಜಾರುದಾರಿಗಳು, ಬಿಸಿಯಾಗಿ ಸುಡುವ ನಿಯಂತ್ರಣ ಫಲಕಗಳು ತೊಂದರೆ ಕೊಡುತ್ತವೆ.

ಒಂದು ಸಣ್ಣ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಅನೇಕ ಬಿಟ್ಟುಗಳ ಕಡ್ಡಿ ಒಂದು ಅಂಗುಲದ ಎಂಟನೆಯ ಒಂದು ಭಾಗ, ಅಂದರೆ 3.175 ಮಿಲಿಮೀಟರ್ ದಪ್ಪವಾಗಿರುತ್ತದೆ. ಇನ್ನು ಕೆಲವು 3 ಮಿಲಿಮೀಟರಿನವು. ಕಣ್ಣಿಗೆ ಎರಡೂ ಒಂದೇ. ಆದರೆ ದಪ್ಪ ಕಡ್ಡಿಯ ಕಾಲೆಟ್ಟಿಗೆ ತೆಳು ಕಡ್ಡಿಯನ್ನು ಹಾಕಿದರೆ ಅದು ಜಾರಬಹುದು, ಅದುರಬಹುದು, ಮಹಾವೇಗದಲ್ಲಿ ಸಿಡಿಯಲೂ ಬಹುದು. ಎಷ್ಟೋ ಸಲ ಯಂತ್ರವೇ ಕೆಟ್ಟಿತೆಂದು ಅಂಗಡಿಗೆ ಒಯ್ಯುವ ದೋಷಕ್ಕೆ ಮೂಲ ಇಷ್ಟೇ ಆಗಿರುತ್ತದೆ.

ಕೆಟ್ಟ ಯಂತ್ರದಿಂದ ದೇಹಕ್ಕೆ ಕೇಡು

ಬೇರಿಂಗು ಸವೆದ ಯಂತ್ರ ಅದುರುತ್ತದೆ. ಆ ಅದುರುವಿಕೆಯನ್ನು ದಿನವೂ ಗಂಟೆಗಟ್ಟಲೆ ಸಹಿಸಿದ ಕೈಗಳ ನರಗಳೂ ಸೂಕ್ಷ್ಮ ರಕ್ತನಾಳಗಳೂ ಬಳಲುತ್ತವೆ. ಬೆರಳ ತುದಿಗಳು ಜುಮ್ಮೆನ್ನುವುದು, ಮರಗಟ್ಟುವುದು, ಚಳಿಯಲ್ಲಿ ಬಿಳಿಚಿಕೊಳ್ಳುವುದು ಇದರ ಲಕ್ಷಣಗಳು. ಮಧುಮೇಹವುಳ್ಳವರು ಬೆರಳ ಮರಗಟ್ಟುವಿಕೆಯನ್ನು ಆ ಕಾಯಿಲೆಯ ತಲೆಗೇ ಕಟ್ಟಿ ಸುಮ್ಮನಾಗುವ ಸಂಭವವಿದೆ. ಅಂಥವರು ತಾವು ಬಳಸುವ ಯಂತ್ರದ ವಿಷಯವನ್ನೂ ವೈದ್ಯರಿಗೆ ತಿಳಿಸಬೇಕು.

ಸವೆದ ಯಂತ್ರದ ಶಬ್ದವೂ ಹೆಚ್ಚು. ಎದುರಿಗೆ ಕುಳಿತವರೊಡನೆ ದನಿಯೇರಿಸಿ ಮಾತನಾಡಬೇಕಾದಷ್ಟು ಸದ್ದಿದ್ದರೆ ಕಿವಿಗೆ ರಕ್ಷಣೆ ಬೇಕೆಂದೇ ಅರ್ಥ. ದಿನಕ್ಕೆ ಎಂಟು ಗಂಟೆಗಳ ಅವಧಿಗೆ 85 ಡೆಸಿಬೆಲ್ಲನ್ನು ಎಚ್ಚರಿಕೆಯ ಗಡಿಯೆಂದು ಪರಿಗಣಿಸುವುದು ರೂಢಿ. ಇನ್ನು ಮರದ ಹುಡಿಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 1995ರಲ್ಲಿಯೇ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ. ವರ್ಷಗಟ್ಟಲೆ ಹುಡಿಯ ನಡುವೆ ದುಡಿಯುವ ಕಾರ್ಮಿಕರಲ್ಲಿ ಮೂಗಿನ ಕ್ಯಾನ್ಸರ್ ಕಂಡುಬಂದುದೇ ಇದಕ್ಕೆ ಆಧಾರ. ಹವ್ಯಾಸಿಗೆ ಅಷ್ಟು ಭಯ ಬೇಡ. ಆದರೆ ಉದಾಸೀನವೂ ಬೇಡ. ಬೀಟೆ ಮತ್ತು ತೇಗದ ಹುಡಿಯಿಂದ ಕೆಲವರ ಚರ್ಮ ಕೆರೆದು ಕೆಂಪೇರುತ್ತದೆ. ಉಬ್ಬಸವುಳ್ಳವರಿಗೆ ಹುಡಿ ಹೆಚ್ಚಿನ ಬಾಧೆ ಕೊಡುತ್ತದೆ. ಹುಡಿ ಹೀರುವ ಸಾಧನ ಕೆಟ್ಟಿದ್ದರೆ ಕೆತ್ತನೆಯನ್ನು ಅಂದಿಗೆ ನಿಲ್ಲಿಸುವುದೇ ಲೇಸು. ಎನ್-95 ಮುಖಗವಸು, ಕಣ್ಣಿಗೆ ಕನ್ನಡಕ, ಗಾಳಿಯಾಡುವ ಜಾಗ ಇವು ಅವಶ್ಯ. ರಕ್ತ ಹೆಪ್ಪುಗಟ್ಟದಿರಲು ಔಷಧ ಸೇವಿಸುವ ಹಿರಿಯರು ಸಣ್ಣ ಗಾಯವಾದರೂ ಅಲಕ್ಷಿಸಬಾರದು.

ವಿದ್ಯುದಾಘಾತದ ಅಪಾಯ ಎಲ್ಲಕ್ಕೂ ಮಿಗಿಲಾದುದು. ಯಂತ್ರದ ಫಲಕದ ಮೇಲೆ ಚೌಕದೊಳಗೆ ಚೌಕದ ಗುರುತಿದ್ದರೆ ಅದು ಇಮ್ಮಡಿ ನಿರೋಧಕವುಳ್ಳದ್ದು. ಎರಡು ಕಡ್ಡಿಯ ಪ್ಲಗ್ಗೇ ಅದಕ್ಕೆ ಸಾಕು. ಆದರೆ ದುರಸ್ತಿಗಾರನು ಒಳಗಿನ ನಿರೋಧಕ ಪಟ್ಟಿಗಳನ್ನು ಹಿಂದಿರುಗಿ ಜೋಡಿಸದಿದ್ದರೆ ಆ ಗುರುತು ಬರಿಯ ಅಲಂಕಾರವಾಗಿ ಉಳಿಯುತ್ತದೆ. ಕೆಲಸದ ಕೋಣೆಯ ವಿದ್ಯುತ್ ಮಾರ್ಗಕ್ಕೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಅಳವಡಿಸಿಕೊಳ್ಳುವುದು ಜಾಣತನ.

ಸಾಗರದಾಚೆಯಿಂದ ಬಂದ ಉಡುಗೊರೆ

ಅಮೆರಿಕದಲ್ಲಿ ನೆಲೆಸಿದ ಮಕ್ಕಳು ತಂದೆಯ ಹವ್ಯಾಸವನ್ನರಿತು ಯಂತ್ರವನ್ನು ತಂದುಕೊಡುವುದು ಹೈದರಾಬಾದಿನ ಮನೆಗಳಲ್ಲಿ ಅಪರೂಪವಲ್ಲ. ಪ್ರೀತಿಯ ಕೊಡುಗೆಯೇ ಸರಿ. ಆದರೆ ಅಲ್ಲಿನ ವಿದ್ಯುತ್ತು 120 ವೋಲ್ಟು, ಇಲ್ಲಿಯದು 230 ವೋಲ್ಟು. ಅಲ್ಲಿಯ ಯಂತ್ರವನ್ನು ಪ್ಲಗ್ಗಿನ ಆಕಾರವನ್ನಷ್ಟೇ ಬದಲಿಸಿ ಇಲ್ಲಿ ಚುಚ್ಚಿದರೆ ಮೋಟಾರಿನ ಸುರುಳಿ ಸುಟ್ಟುಹೋಗುತ್ತದೆ. ಅಂಥ ಯಂತ್ರಕ್ಕೆ, ಅದರ ವ್ಯಾಟಿಗಿಂತ ಹೆಚ್ಚಿನ ಸಾಮರ್ಥ್ಯದ, ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರು ಬೇಕು. ಅಡಾಪ್ಟರಿನ ಮೇಲೆ 100-240 ವೋಲ್ಟು ಎಂದು ಬರೆದಿದ್ದರೆ ಮಾತ್ರ ಆ ಚಿಂತೆಯಿಲ್ಲ. ಅಲ್ಲದೆ ಅಲ್ಲಿ ಕೊಟ್ಟ ವಾರಂಟಿ ಅನೇಕ ವೇಳೆ ಆ ದೇಶಕ್ಕಷ್ಟೇ ಸೀಮಿತವಾಗಿರುತ್ತದೆ. ಕೊಳ್ಳುವ ಮೊದಲೇ ಮಕ್ಕಳಿಗೆ ಈ ಎರಡು ಮಾತನ್ನು ತಿಳಿಸಿದರೆ ಮುಂದಿನ ಪರಿತಾಪ ತಪ್ಪುತ್ತದೆ.

ವಾರಂಟಿಯನ್ನು ಓದುವ ಬಗೆ

ವಾರಂಟಿಯ ಕಾಗದದಲ್ಲಿ ದೊಡ್ಡ ಅಕ್ಷರಗಳು ಭರವಸೆ ನೀಡುತ್ತವೆ. ಸಣ್ಣ ಅಕ್ಷರಗಳು ಅದನ್ನು ಹಿಂದಕ್ಕೆ ಪಡೆಯುತ್ತವೆ. ಅವಧಿ ಎಂದಿನಿಂದ ಆರಂಭ, ಬ್ರಷ್ಷು ಬೇರಿಂಗುಗಳಂಥ ಸವೆಯುವ ಭಾಗಗಳು ಸೇರಿವೆಯೇ, ಸಾಗಾಟದ ಖರ್ಚು ಯಾರದು, ಹೊರಗಿನವರು ಯಂತ್ರವನ್ನು ಬಿಚ್ಚಿದರೆ ಹಕ್ಕು ಉಳಿಯುತ್ತದೆಯೇ, ವ್ಯಾಪಾರಕ್ಕೆ ಬಳಸಿದರೆ ಏನಾಗುತ್ತದೆ ಎಂಬ ಐದು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ಪರದೇಶದ ಮಾಲಾದರೆ ಪೆಟ್ಟಿಗೆಯ ಮೇಲೆ ಆಮದುದಾರನ ಹೆಸರು, ವಿಳಾಸ, ದೂರು ಹೇಳಿಕೊಳ್ಳುವ ಮಾರ್ಗ ಮುದ್ರಿತವಾಗಿರಬೇಕು. ಅವು ಇಲ್ಲದ ಪೆಟ್ಟಿಗೆಯಿಂದ ದೂರವಿರುವುದೇ ಕ್ಷೇಮ. ನಾಳೆ ಕೇಳಲು ಯಾರೂ ಸಿಗರು.

ಬಿಲ್ಲು, ವಾರಂಟಿ ಪತ್ರ, ಯಂತ್ರದ ಕ್ರಮಸಂಖ್ಯೆಯ ಛಾಯಾಚಿತ್ರ ಇವನ್ನು ಮನೆಯ ಬೇರೆ ಕಾಗದಪತ್ರಗಳೊಡನೆ ಜೋಪಾನ ಮಾಡಬೇಕು. ಯಂತ್ರ ಕೆಟ್ಟ ಮೇಲೆ ಬಿಲ್ಲು ಹುಡುಕುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಬಿಡಿಭಾಗಗಳಾಗಿ ಬಂದ ಯಂತ್ರವಾದರೆ ಪೆಟ್ಟಿಗೆ ತೆರೆಯುವಾಗಲೂ ಜೋಡಿಸುವಾಗಲೂ ಚಿತ್ರ ತೆಗೆದಿಡಬೇಕು. ‘ಜೋಡಣೆ ತಪ್ಪಾಗಿದೆ’ ಎಂಬ ಆಕ್ಷೇಪಕ್ಕೆ ಆ ಚಿತ್ರಗಳೇ ಉತ್ತರ.

ದುರಸ್ತಿಗೆ ಕೊಡುವಾಗ

ವಾರಂಟಿ ಮುಗಿದ ಯಂತ್ರಕ್ಕೆ ನಮ್ಮ ನಗರದಲ್ಲಿ ದಾರಿಗಳು ಇಲ್ಲದಿಲ್ಲ. ಸಿಕಂದರಾಬಾದಿನ ರಾಣಿಗಂಜ್ ಯಂತ್ರೋಪಕರಣ, ಬೇರಿಂಗುಗಳ ಪೇಟೆ. ಕೋಠಿಯ ಟ್ರೂಪ್ ಬಜಾರಿನಲ್ಲಿ ವಿದ್ಯುತ್ ಸಾಮಗ್ರಿಯೂ, ಅಲ್ಲಿಯೇ ಸಮೀಪದ ಗುಜರಾತಿ ಗಲ್ಲಿಯಲ್ಲಿ ಇಲೆಕ್ಟ್ರಾನಿಕ್ ಬಿಡಿಭಾಗಗಳೂ ದೊರೆಯುತ್ತವೆ. ಹಳೆಯ ಬ್ರಷ್ಷು, ಹಳೆಯ ಬೇರಿಂಗುಗಳನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಬೇರಿಂಗಿನ ಅಂಚಿನಲ್ಲಿ ಕೆತ್ತಿರುವ ಸಂಖ್ಯೆಯೇ ಅದರ ಗುರುತು.

ಆದರೆ ಒಂದು ಎಚ್ಚರಿಕೆ. ಹೈದರಾಬಾದಿನ ದಖ್ಖನಿ ಮಾತಿನಲ್ಲಿ ‘ಪರ್ಸೋಂ’ ಎಂದರೆ ಮೊನ್ನೆಯೂ ಹೌದು, ಮೂರು ವರ್ಷದ ಹಿಂದೆಯೂ ಹೌದೆಂಬ ಸರಸೋಕ್ತಿ ಇಲ್ಲಿ ಬಾಳಿದವರಿಗೆಲ್ಲ ಗೊತ್ತು. ಕಾಲದ ಬಗೆಗೆ ಇಷ್ಟು ಉದಾರವಾದ ಊರಿನಲ್ಲಿ ಯಂತ್ರವನ್ನು ಬಾಯಿಮಾತಿನ ಮೇಲೆ ಬಿಟ್ಟುಬರಬಾರದು. ಕೊಟ್ಟ ದಿನ, ದೋಷದ ವಿವರ, ಅಂದಾಜು ವೆಚ್ಚ, ಹಿಂದಿರುಗಿಸುವ ದಿನ ಇವು ಚೀಟಿಯ ಮೇಲೆ ಬರೆಯಲ್ಪಡಲಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ವಾರಂಟಿಯೊಳಗಿನ ದುರಸ್ತಿಯಾದರೂ ಚೀಟಿ ಬೇಕೇ ಬೇಕು. ಯಂತ್ರ ಮರಳಿದಾಗ ಅಂಗಡಿಯಲ್ಲಿಯೇ ಬಿಟ್ಟಿಲ್ಲದೆ ಒಂದೆರಡು ನಿಮಿಷ ಓಡಿಸಿ, ಕೈಗೆ ಅದುರುವಿಕೆ, ಮೂಗಿಗೆ ಸುಟ್ಟ ವಾಸನೆ, ಕಣ್ಣಿಗೆ ಅತಿಯಾದ ಕಿಡಿ ತೋರುವುದೇ ಎಂದು ಪರೀಕ್ಷಿಸಬೇಕು.

ಕಾನೂನಿನ ಆಸರೆ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ವರ್ಷದ ವಾರಂಟಿಯುಳ್ಳ ಯಂತ್ರವು ಏಳನೆಯ ತಿಂಗಳಲ್ಲಿ ಅದುರತೊಡಗುತ್ತದೆ. ಮಾರಿದವರು ತಯಾರಕರ ಕಡೆಗೂ, ತಯಾರಕರು ಮಾರಿದವರ ಕಡೆಗೂ ಬೆರಳು ತೋರುತ್ತಾರೆ. ಮೂರು ಸಲ ದುರಸ್ತಿಯಾದರೂ ದೋಷ ಹೋಗುವುದಿಲ್ಲ. ಬೇಸತ್ತ ಹಿರಿಯರು ‘ಇದ್ದುದರಲ್ಲೇ ನಡೆಯಲಿ’ ಎಂದು ಅದನ್ನೇ ಬಳಸುತ್ತಾರೆ. ಅಪಾಯವಿರುವುದು ಈ ಕೊನೆಯ ಹೆಜ್ಜೆಯಲ್ಲಿ. ಯಂತ್ರವನ್ನು ಮೂಲೆಗಿಟ್ಟು ಲೇಖನಿಯನ್ನು ಕೈಗೆತ್ತಿಕೊಳ್ಳಬೇಕಾದ ಹೊತ್ತು ಅದು.

1986ರ ಗ್ರಾಹಕ ರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆಯು 2020ರ ಜುಲೈ ತಿಂಗಳಿನಿಂದ ಜಾರಿಯಲ್ಲಿದೆ. ಬಿಲ್ಲು ಕೊಡದಿರುವುದನ್ನೂ, ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದನ್ನೂ ಅದು ಅನುಚಿತ ವ್ಯಾಪಾರ ಪದ್ಧತಿಯೆಂದು ಎಣಿಸುತ್ತದೆ. ಅಂತರಜಾಲದ ಮೂಲಕ ಮಾರುವ ಸಂಸ್ಥೆಗಳು ದೂರು ತಲುಪಿದುದನ್ನು 48 ಗಂಟೆಗಳಲ್ಲಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು 2020ರ ನಿಯಮಗಳು ವಿಧಿಸಿವೆ.

ಮೊದಲು ಮಾರಿದವರಿಗೂ ತಯಾರಕರಿಗೂ ದಿನಾಂಕಸಹಿತ ಪತ್ರ ಬರೆಯಬೇಕು. ಫಲ ಸಿಗದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಅದೂ ಸಾಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರಿದವರು ದೆಹಲಿಯಲ್ಲಿರಲಿ, ಮುಂಬಯಿಯಲ್ಲಿರಲಿ, ದೂರನ್ನು ತಾವು ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲಿಸುವ ಸೌಲಭ್ಯವನ್ನು ಹೊಸ ಕಾಯಿದೆ ಕೊಟ್ಟಿದೆ. ಪರಸ್ಥಳದಲ್ಲಿ ಬಾಳುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ಕೊಂಡ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ಆದರೆ ತಕರಾರು ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ವ್ಯಾಪಾರದ ಉದ್ದೇಶಕ್ಕೆ ಕೊಂಡವರಿಗೆ ಈ ರಕ್ಷಣೆಯಿಲ್ಲವಾದರೂ, ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರವೇ ಬಳಸುವವರು ಗ್ರಾಹಕರೆಂದೇ ಪರಿಗಣಿತರು.

ಕೊಳ್ಳುವ ಮುನ್ನ

ಕೊಂಡು ಪಶ್ಚಾತ್ತಾಪಪಡುವುದಕ್ಕಿಂತ ನೋಡಿ ಕೊಳ್ಳುವುದು ಮೇಲು. ತೆಲಂಗಾಣ ಸರಕಾರವು ಸ್ಥಾಪಿಸಿದ ಟಿ-ವರ್ಕ್ಸ್ ಎಂಬ ಮಾದರಿ ತಯಾರಿಕಾ ಕೇಂದ್ರ 2023ರ ಮಾರ್ಚಿಯಲ್ಲಿ ರಾಯದುರ್ಗಂ ಭಾಗದಲ್ಲಿ ಉದ್ಘಾಟನೆಗೊಂಡಿತು. ಮರಗೆಲಸದ ಮತ್ತು ಗಣಕ ನಿಯಂತ್ರಿತ ಯಂತ್ರಗಳು ಅಲ್ಲಿವೆ. ಬಾಲಾನಗರದಲ್ಲಿ 1968ರಲ್ಲಿ ಆರಂಭವಾದ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯು ಯಂತ್ರವಿದ್ಯೆಯ ತರಬೇತಿಗೆ ಹೆಸರಾದುದು. ಇಂಥ ಸಂಸ್ಥೆಗಳಲ್ಲಿ ವಿಚಾರಿಸಿ, ಬಲ್ಲವರ ಸಲಹೆ ಪಡೆದು ಹೆಜ್ಜೆಯಿಡುವುದು ಉಚಿತ.

ನಮ್ಮ ಸಂಘದ ಸದಸ್ಯರಲ್ಲಿಯೇ ಕಾರ್ಖಾನೆಗಳಲ್ಲಿ ದುಡಿದ ಅನುಭವಿಗಳಿದ್ದಾರೆ, ಕಾನೂನು ಬಲ್ಲವರಿದ್ದಾರೆ, ವೈದ್ಯರೂ ಇದ್ದಾರೆ. ನಂಬಿಕೆಗೆ ಯೋಗ್ಯರಾದ ದುರಸ್ತಿಗಾರರ ಪಟ್ಟಿಯೊಂದನ್ನು ಸಂಘದಲ್ಲಿ ಬರೆದಿಟ್ಟು, ವರ್ಷಕ್ಕೊಮ್ಮೆ ಪರಿಷ್ಕರಿಸಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು. ಕೆಟ್ಟ ಯಂತ್ರವನ್ನು ಬದಲಿಸಿಕೊಳ್ಳಲು ಕಾಯಿದೆಯಿದೆ, ಆಯೋಗವಿದೆ. ಕೆಟ್ಟ ಬೆರಳುಗಳಿಗೆ ಬದಲಿ ಬೆರಳುಗಳನ್ನು ಕೊಡುವ ವಾರಂಟಿ ಇನ್ನೂ ಎಲ್ಲಿಯೂ ಅಚ್ಚಾಗಿಲ್ಲ. ಆದುದರಿಂದ ಯಂತ್ರ ಅದುರಿದ ಕ್ಷಣವೇ ಅದನ್ನು ನಿಲ್ಲಿಸುವ ಅಭ್ಯಾಸವನ್ನು ಎಲ್ಲ ಹವ್ಯಾಸಿಗಳೂ ರೂಢಿಸಿಕೊಳ್ಳಲಿ. ಅವರ ಕೈಗಳು ಬಹುಕಾಲ ಕೆತ್ತುತ್ತಿರಲಿ.