ಹಿಮದ ಬೆಟ್ಟದಲ್ಲಿ ಒಂದು ಹಗಲು

ನಮ್ಮ ನಂದಿಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರು. ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಸ್ಕಾಟ್ಲೆಂಡಿನ ಬೆನ್ ನೆವಿಸ್. ಅದರ ಎತ್ತರ 1,345 ಮೀಟರು. ಅಂದರೆ ನಂದಿಗಿಂತಲೂ ಗಿಡ್ಡ. ಬೆಳಿಗ್ಗೆ ಹೊರಟು ಸಂಜೆಯೊಳಗೆ ಇಳಿದು ಬರಬಹುದಾದ ಬೆಟ್ಟ. ಹೀಗಿದ್ದರೂ ಚಳಿಗಾಲದಲ್ಲಿ ಅನುಭವಸ್ಥ ಚಾರಣಿಗರೂ ಇಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಇದಕ್ಕೆ ಕಾರಣವೇನು?

ದೂರದರ್ಶನದ ಪರದೆಯ ಮೇಲೆ ಹಿಮದ ಸೊಬಗನ್ನು ತೋರಿಸುವುದು ಸುಲಭ. ಚಳಿ, ಒದ್ದೆ, ಗಾಳಿಯ ಒತ್ತಡಗಳು ವೀಕ್ಷಕರನ್ನು ತಲುಪುವುದಿಲ್ಲ. ಮಾತುಕತೆಯಲ್ಲಿ ಸಮಯ ಸಾಲದೆ ಉಳಿದುಹೋಗುವ ಲೆಕ್ಕಾಚಾರಗಳನ್ನು ಈ ಪುಟಗಳಲ್ಲಿ ನಿಧಾನವಾಗಿ ನೋಡೋಣ. ಇದು ನಮಗೆ ಸಂಬಂಧಿಸದ ವಿಷಯವೆಂದು ತಿಳಿಯಬೇಡಿ. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡ ಕೆಟ್ಟ ಹವೆಗೆ ಸಿಲುಕಿ, 9 ಮಂದಿ ಹಿಂದಿರುಗಲಿಲ್ಲ.

ಶಿಖರದ ಮೇಲಿನ ವೀಕ್ಷಣಾಲಯ

ಬೆನ್ ನೆವಿಸ್‌ನ ಹವೆಯ ಬಗ್ಗೆ ನಮಗೆ ನಿಖರವಾದ ಮಾಹಿತಿ ಇದೆ. 1881ರ ಬೇಸಿಗೆಯಲ್ಲಿ ಕ್ಲೆಮೆಂಟ್ ರ‍್ಯಾಗ್ ಎಂಬ ಹವಾಮಾನ ತಜ್ಞರು ದಿನವೂ ಈ ಬೆಟ್ಟ ಹತ್ತಿ ಅಳತೆ ತೆಗೆದುಕೊಂಡರು. ಕೆಳಗಿನ ಫೋರ್ಟ್ ವಿಲಿಯಂ ಊರಿನಲ್ಲಿ ಅವರ ಪತ್ನಿ ಅಳತೆ ಬರೆದಿಡುತ್ತಿದ್ದರು. 1883ರಲ್ಲಿ ಶಿಖರದ ಮೇಲೆಯೇ ವೀಕ್ಷಣಾಲಯ ಆರಂಭವಾಯಿತು. 1904ರಲ್ಲಿ ಮುಚ್ಚುವವರೆಗೆ ಹಗಲಿರುಳೂ ಗಂಟೆಗೊಮ್ಮೆ ಅಲ್ಲಿ ಅಳತೆ ನಡೆಯುತ್ತಿತ್ತು. ಶಿಖರದ ವಾರ್ಷಿಕ ಸರಾಸರಿ ಉಷ್ಣತೆ ಸೊನ್ನೆಗಿಂತ ತುಸು ಕಡಿಮೆ. ಮಳೆ ಮತ್ತು ಹಿಮ ಸೇರಿ ವರ್ಷಕ್ಕೆ ಸುಮಾರು 4,350 ಮಿಲಿಮೀಟರು. ಸಾಮಾನು ಸಾಗಿಸಲು ಅಂದು ಕಡಿದ ಕುದುರೆಹಾದಿಯೇ ಇಂದಿಗೂ ಬೆಟ್ಟ ಹತ್ತುವವರ ಮುಖ್ಯ ದಾರಿ.

1894ರಲ್ಲಿ ಸಿ.ಟಿ.ಆರ್. ವಿಲ್ಸನ್ ಎಂಬ ಯುವ ವಿಜ್ಞಾನಿ ಎರಡು ವಾರ ಇಲ್ಲಿದ್ದರು. ಮೋಡದ ಮೇಲೆ ಬಿಸಿಲು ಮೂಡಿಸುವ ಬಣ್ಣದ ಉಂಗುರಗಳನ್ನು ಕಂಡು ಬೆರಗಾದ ಅವರು, ಪ್ರಯೋಗಾಲಯದಲ್ಲಿ ಮೋಡ ತಯಾರಿಸಲು ಹೊರಟರು. ಪರಮಾಣು ಕಣಗಳ ಜಾಡನ್ನು ಕಣ್ಣಿಗೆ ಕಾಣಿಸುವ ‘ಕ್ಲೌಡ್ ಚೇಂಬರ್’ ಹುಟ್ಟಿದ್ದು ಹೀಗೆ. ಅದಕ್ಕಾಗಿ 1927ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಚಳಿ, ಗಾಳಿ, ನೀರು

ಮೇಲೇರಿದಂತೆ ಉಷ್ಣತೆ ಸಾಮಾನ್ಯವಾಗಿ ಪ್ರತಿ ಕಿಲೋಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಊರಿನಲ್ಲಿ 4 ಡಿಗ್ರಿ ಇದ್ದರೆ ಶಿಖರದಲ್ಲಿ ಸುಮಾರು ಮೈನಸ್ 5. ಇದಿಷ್ಟೇ ಆದರೆ ಬೆಚ್ಚನೆಯ ಉಡುಪು ಸಾಕಾಗುತ್ತಿತ್ತು.

ನಮ್ಮ ಚರ್ಮಕ್ಕೆ ಅಂಟಿಕೊಂಡಂತೆ ಬೆಚ್ಚನೆಯ ಗಾಳಿಯ ತೆಳುಪದರವೊಂದು ಇರುತ್ತದೆ. ಬೀಸುಗಾಳಿ ಅದನ್ನು ಕಿತ್ತೊಯ್ಯುತ್ತದೆ. ಮೈನಸ್ 5 ಡಿಗ್ರಿಯಲ್ಲಿ ಗಂಟೆಗೆ 50 ಕಿ.ಮೀ. ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಮೈನಸ್ 15ರ ಅನುಭವವಾಗುತ್ತದೆ. ಗಾಳಿಯ ಒತ್ತಡವೋ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ 40ರಿಂದ 80ಕ್ಕೆ ಏರಿದರೆ ನಮ್ಮನ್ನು ತಳ್ಳುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು!

ಇವೆರಡಕ್ಕಿಂತ ಮೋಸದ್ದು ಒದ್ದೆ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಉತ್ತಮ ಉಷ್ಣವಾಹಕ. ಅಲ್ಲದೆ ಒಂದು ಗ್ರಾಂ ಬೆವರು ಆವಿಯಾಗಲು ದೇಹದಿಂದ ಸುಮಾರು 580 ಕ್ಯಾಲೊರಿ ಶಾಖ ಬೇಕು. ಆದ್ದರಿಂದಲೇ ಹಿಮದ ಬೆಟ್ಟದಲ್ಲಿ ಹತ್ತಿಯ ಬನಿಯನ್ನು, ಜೀನ್ಸು ಸಲ್ಲವು. ಅವು ಬೆವರು ಕುಡಿದು ಹಾಗೆಯೇ ಹಿಡಿದಿಟ್ಟುಕೊಳ್ಳುತ್ತವೆ. ಉಣ್ಣೆ ಒದ್ದೆಯಾದರೂ ಸ್ವಲ್ಪಮಟ್ಟಿಗೆ ಬೆಚ್ಚಗಿಡುತ್ತದೆ. ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಪದರಗಳು ಮೇಲು. ಏರುವಾಗ ಬೆವರುವ ಮೊದಲೇ ಒಂದು ಪದರ ಕಳಚಬೇಕು. ನಿಂತ ಕೂಡಲೆ ತೊಟ್ಟುಕೊಳ್ಳಬೇಕು.

ದೇಹದ ಒಲೆ ಆರುವಾಗ

ನಮ್ಮ ಒಳಮೈಯ ಉಷ್ಣತೆ 37 ಡಿಗ್ರಿ. ಅದು 35ಕ್ಕಿಂತ ಇಳಿದರೆ ವೈದ್ಯರು ‘ಹೈಪೊಥರ್ಮಿಯಾ’ ಎನ್ನುತ್ತಾರೆ. ಮೊದಲು ನಡುಕ, ಇದು ಸ್ನಾಯುಗಳನ್ನು ಕುಲುಕಿ ಶಾಖ ಹುಟ್ಟಿಸುವ ದೇಹದ ಉಪಾಯ. ಆಮೇಲೆ ಕೈಬೆರಳುಗಳು ಗುಂಡಿ ಹಾಕಲೂ ಬಾರದಷ್ಟು ಮರಗಟ್ಟುತ್ತವೆ, ಮಾತು ತೊದಲುತ್ತದೆ, ಹೆಜ್ಜೆ ಮುಗ್ಗರಿಸುತ್ತದೆ. ವಿನಾಕಾರಣ ಸಿಡುಕು, ಮಂಕು ಕವಿಯುತ್ತದೆ. ಕೊನೆಗೆ ನಡುಕ ನಿಲ್ಲುತ್ತದೆ. ಇದನ್ನು ಚೇತರಿಕೆ ಎಂದು ಭಾವಿಸಬಾರದು. ದೇಹದ ಶಕ್ತಿ ಮುಗಿದ ಲಕ್ಷಣ ಅದು.

ಮೆದುಳೇ ಮಂಕಾಗುವುದರಿಂದ ರೋಗಿಗೆ ತನ್ನ ಸ್ಥಿತಿ ತಿಳಿಯುವುದಿಲ್ಲ. ‘ನನಗೇನೂ ಆಗಿಲ್ಲ, ನೀವು ಮುಂದೆ ನಡೀರಿ’ ಎನ್ನುವವನನ್ನು ಜೊತೆಗಾರರೇ ಗಮನಿಸಬೇಕು. ಅಂಥವನನ್ನು ಒಂಟಿಯಾಗಿ ಬಿಡಬಾರದು. ಗಾಳಿಗೆ ಮರೆ ಮಾಡಿ, ಒಣಬಟ್ಟೆ ತೊಡಿಸಿ, ನೆಲದ ತಂಡಿ ತಾಗದಂತೆ ಕೆಳಗೆ ಏನಾದರೂ ಹಾಸಿ, ಎಚ್ಚರವಿದ್ದರೆ ಬೆಚ್ಚನೆಯ ಸಿಹಿಪಾನೀಯ ಕೊಡಬೇಕು. ನೆರವಿಗೆ ಕರೆ ಕಳಿಸಬೇಕು. ಕೈಕಾಲು ಉಜ್ಜಬಾರದು. ಮದ್ಯವಂತೂ ಕೂಡದು, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಕ್ಕೆ ಚೆಲ್ಲುತ್ತದೆ.

ಗಡಿಯಾರದ ಲೆಕ್ಕ

1892ರಲ್ಲಿ ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸೂತ್ರ ಕೊಟ್ಟರು. ಮೆಟ್ರಿಕ್ ಅಳತೆಯಲ್ಲಿ ಅದು ಹೀಗಿದೆ: ಪ್ರತಿ 5 ಕಿ.ಮೀ. ದೂರಕ್ಕೆ ಒಂದು ಗಂಟೆ; ಜೊತೆಗೆ ಪ್ರತಿ 600 ಮೀಟರು ಏರಿಗೆ ಇನ್ನೊಂದು ಗಂಟೆ. ಬೆನ್ ನೆವಿಸ್‌ನ ದಾರಿ ಸುಮಾರು 8 ಕಿ.ಮೀ., ಏರು 1,300 ಮೀಟರು. ಲೆಕ್ಕ ಹಾಕಿ: 1.6 ಮತ್ತು 2.2, ಒಟ್ಟು 3.8 ಗಂಟೆ. ಇದು ಒಣ ದಾರಿಯ ಮಾತು. ಹಿಮ, ಎದುರುಗಾಳಿ ಸೇರಿ ಒಂದೂವರೆ ಪಟ್ಟಾದರೆ ಸುಮಾರು 5.7 ಗಂಟೆ. ಇಳಿಯಲು 3 ಗಂಟೆ. ಒಟ್ಟು ಸುಮಾರು 9 ಗಂಟೆ.

ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲು 7 ಗಂಟೆಗೂ ಕಡಿಮೆ; ಸೂರ್ಯ ಮುಳುಗುವುದು ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ. ಎಂದಮೇಲೆ ಹೊರಡುವುದು ನಸುಕಿನ ಕತ್ತಲಲ್ಲೇ ಆಗಬೇಕು, ಹಣೆದೀಪ ಜೊತೆಗಿರಬೇಕು. ಇನ್ನೂ ಮುಖ್ಯವಾದದ್ದು ‘ಮರಳುವ ಹೊತ್ತು’. ಹನ್ನೆರಡೂವರೆಗೆ ಎಲ್ಲಿದ್ದರೂ ಹಿಂದಿರುಗುತ್ತೇವೆ ಎಂದು ಬೆಟ್ಟದ ಬುಡದಲ್ಲೇ ನಿರ್ಧರಿಸಬೇಕು. ಶಿಖರ ಕಣ್ಣೆದುರು ಇರುವಾಗ ದಣಿದ ಮನಸ್ಸು ಸರಿಯಾಗಿ ಲೆಕ್ಕ ಮಾಡುವುದಿಲ್ಲ.

ಬಿಳಿಯ ಕತ್ತಲು

ಬೆನ್ ನೆವಿಸ್‌ನ ನೆತ್ತಿ ಚಪ್ಪಟೆ. ಉತ್ತರಕ್ಕೆ ಸುಮಾರು 700 ಮೀಟರು ಆಳದ ಬಂಡೆಗೋಡೆ. ಇನ್ನೊಂದು ಬದಿಯಲ್ಲಿ ಕಡಿದಾದ ಕೊರಕಲು. ಮಂಜು ಕವಿದು ಹಿಮ ಬೀಳುತ್ತಿದ್ದರೆ ನೆಲವೂ ಬಿಳಿ, ಆಕಾಶವೂ ಬಿಳಿ. ಎಲ್ಲಿ ನೆಲ ಮುಗಿಯಿತೆಂದೇ ಕಾಣದು. ಜೊತೆಗೆ ಗಾಳಿ ಹಿಮವನ್ನು ಗೋಡೆಯಂಚಿನಾಚೆಗೆ ಸೂರಿನಂತೆ ಚಾಚಿಸಿರುತ್ತದೆ. ಅದರ ಮೇಲೆ ಕಾಲಿಟ್ಟವರ ಕೆಳಗೆ ಇರುವುದು ಬರಿಯ ಆಕಾಶ.

ಇಳಿಯುವ ದಾರಿಗೆ ಚಾರಣಿಗರು ಎರಡು ಅಂಕಿಗಳನ್ನು ಬಾಯಿಪಾಠ ಮಾಡಿರುತ್ತಾರೆ. ಶಿಖರದ ಅಳತೆಗಂಬದಿಂದ ಭೂಪಟದ 231 ಡಿಗ್ರಿ ದಿಕ್ಕಿನಲ್ಲಿ 150 ಮೀಟರು, ಅಲ್ಲಿಂದ 282 ಡಿಗ್ರಿ. ದಿಕ್ಸೂಚಿ ತೋರಿಸುವ ಉತ್ತರಕ್ಕೂ ಭೂಪಟದ ಉತ್ತರಕ್ಕೂ ಇರುವ ಅಂತರ ವರ್ಷವರ್ಷಕ್ಕೆ ಬದಲಾಗುವುದರಿಂದ ಅದನ್ನೂ ಸರಿದೂಗಿಸಬೇಕು. 10 ಡಿಗ್ರಿ ತಪ್ಪಿದರೆ ಏನಾಗುತ್ತದೆ? ತ್ರಿಕೋನಮಿತಿ ಕಲಿತವರು ಹೇಳಬಲ್ಲರು: 150 ಮೀಟರು ನಡೆಯುವಷ್ಟರಲ್ಲಿ ಸುಮಾರು 26 ಮೀಟರು ಪಕ್ಕಕ್ಕೆ ಸರಿದಿರುತ್ತೇವೆ. ನೂರು ಮೀಟರಿಗೆ ತನ್ನ ಹೆಜ್ಜೆ ಎಷ್ಟು ಎಂಬುದನ್ನು ಪ್ರತಿಯೊಬ್ಬನೂ ಮೊದಲೇ ಅಳೆದಿಟ್ಟುಕೊಂಡಿರಬೇಕು. ಕೈಫೋನು ದಾರಿ ತೋರಿಸುವುದು ನಿಜ. ಆದರೆ ಕಡು ಚಳಿಯಲ್ಲಿ ಅದರ ಬ್ಯಾಟರಿ ಬೇಗ ಸೋಲುತ್ತದೆ.

ನೀವೇ ಮಾಡಿ ನೋಡಿ

ಒಂದೇ ಅಳತೆಯ ಮೂರು ಸ್ಟೀಲ್ ಲೋಟಗಳಲ್ಲಿ ಸಮನಾಗಿ ಬಿಸಿನೀರು ಹಾಕಿ ಮುಚ್ಚಿ. ಒಂದಕ್ಕೆ ಒಣಬಟ್ಟೆ, ಇನ್ನೊಂದಕ್ಕೆ ಒದ್ದೆಬಟ್ಟೆ ಸುತ್ತಿ. ಮೂರನೆಯದಕ್ಕೆ ಒದ್ದೆಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕಟ್ಟಿ. ಮೂರನ್ನೂ ಫ್ಯಾನಿನ ಮುಂದಿಟ್ಟು ಐದೈದು ನಿಮಿಷಕ್ಕೆ ಉಷ್ಣತೆ ಅಳೆದು ನಕ್ಷೆ ಬರೆಯಿರಿ. ಯಾವುದು ಮೊದಲು ತಣಿಯಿತು? ಮೂರನೆಯ ಲೋಟ ಎರಡನೆಯದಕ್ಕಿಂತ ನಿಧಾನವಾಗಿ ತಣಿದದ್ದೇಕೆ? ಉತ್ತರವನ್ನು ತರಗತಿಯಲ್ಲಿ ಚರ್ಚಿಸಿ. ನಾಳೆ ನಿಮ್ಮ ಕಾಲೇಜಿನ ತಂಡ ಹಿಮಾಲಯಕ್ಕೆ ಹೊರಟರೆ, ಚೀಲ ಕಟ್ಟುವ ಮೊದಲು ಈ ನಕ್ಷೆಯನ್ನು ಒಮ್ಮೆ ತೆಗೆದು ನೋಡಿ.